ಇಪ್ಪತ್ನಾಲ್ಕು ಡಿಗ್ರಿಯ ಕೋಣೆ

ಒದ್ದೆಯಾದ ಎಸಿ ಫಿಲ್ಟರಿಗೆ ಅದರದೇ ಒಂದು ವಾಸನೆ ಇದೆ. ರಸ್ತೆಯ ಧೂಳು, ಮೆಕ್ಕೆಜೋಳದ ಹೊಟ್ಟು, ಸ್ವಲ್ಪ ತುಕ್ಕು ಎಲ್ಲ ಕಲೆತು, ಮಳೆ ಬಂತು ಅನ್ನಿಸಿ ಬಾರದೆ ಹೋದ ಸಂಜೆಯ ಹಾಗೆ. ಇವತ್ತು ಬೆಳಿಗ್ಗೆ ಮೆಕ್ಯಾನಿಕ್ ಬುಡೇನ್ ಸಾಬರು ನಮ್ಮ ಹಿತ್ತಲ ನಲ್ಲಿಯ ಕೆಳಗೆ ಫಿಲ್ಟರ್ ಹಿಡಿದು ತೊಳೆಯುತ್ತಿದ್ದಾಗ ಆ ವಾಸನೆ ಅಡುಗೆಮನೆಯ ತನಕ ಬಂತು. ನಾನು ಕಾಫಿ ಸೋಸುತ್ತಿದ್ದವಳು ಹಾಗೇ ನಿಂತೆ.

ಈ ಬೇಸಿಗೆಯಲ್ಲಿ ಅವರನ್ನು ಕರೆಸಿದ್ದು ಇದು ನಾಲ್ಕನೆಯ ಸಲ. ಶಿವರಾತ್ರಿ ಮುಗಿದ ಮೇಲೆ ಒಂದು ಫುಲ್ ಸರ್ವೀಸ್, ಆಮೇಲೆ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ನಾವೇ ತೊಳೆದುಕೊಂಡರೆ ಸಾಕು ಎಂದು ಹೇಳಿಕೊಟ್ಟವರು ಅವರೇ. "ಟೀಚರ್, ಹಿಂಗ ತೊಳಕೋಂತ ಹೋದ್ರ ಜಾಳಿಗಿ ಸವದು ಹೋಗ್ತೈತಿ ನೋಡ್ರಿ" ಎಂದು ಪ್ರತಿ ಸಲ ಗೊಣಗುತ್ತಾರೆ. ನಾನು ಕೊಡುವ ದುಡ್ಡಿನಲ್ಲಿ ಅರ್ಧ ವಾಪಸ್ ಕೊಟ್ಟು ಹೋಗುತ್ತಾರೆ. ಆದರೂ ನಾನು ಫೋನ್ ಮಾಡುತ್ತೇನೆ, ಅವರು ಬರುತ್ತಾರೆ. ಯಾಕೆ ಎಂದು ಅವರು ಕೇಳಿಲ್ಲ. ಅವರಿಗೆ ಗೊತ್ತು. ಆ ವರ್ಷ ಅವರೂ ಇದ್ದರಲ್ಲ.

ಆ ವರ್ಷ ಎಂದರೆ ಈಗ್ಗೆ ಮೂರು ಬೇಸಿಗೆಗಳ ಹಿಂದೆ.

ನಾವು ಮೂವರು ಹೆಂಗಸರು ಹರಪನಹಳ್ಳಿಯ ಈ ಮನೆಯಲ್ಲಿದ್ದೇವೆ. ನಾನು ಇಂದಿರಾ, ಮದುವೆಯಾಗದೆ ಇಂಗ್ಲಿಷ್ ಕಲಿಸುತ್ತ ಮುದುಕಿಯಾದವಳು. ನನ್ನ ಅಣ್ಣನ ಹೆಂಡತಿ ಗೌರಮ್ಮ. ಅಣ್ಣ ಹೋಗಿ ಬಹಳ ವರ್ಷವಾಯಿತು. ಅವರ ಒಬ್ಬಳೇ ಮಗಳು ಶೈಲಾ, ಊರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನಲವತ್ತೆರಡನೆಯ ವಯಸ್ಸಿಗೆ ಅವಳ ಕಾಲುಗಳು ಮಾತು ಕೇಳುವುದನ್ನು ಬಿಡತೊಡಗಿದವು. ಬೋರ್ಡಿನ ಮುಂದೆ ನಿಂತವಳು ಕುಸಿದು ಕುಳಿತಳಂತೆ. ದಾವಣಗೆರೆಯ ಡಾಕ್ಟರು ಅದು ನರದ ಕಾಯಿಲೆ ಎಂದರು. ಗುಣವಾಗುವುದಲ್ಲ, ಆದರೆ ಹದ್ದುಬಸ್ತಿನಲ್ಲಿ ಇಡಬಹುದು. ಕೊನೆಗೆ ನನ್ನ ಕಡೆ ತಿರುಗಿ, "ಹೀಟ್ ಈಸ್ ಹರ್ ಎನಿಮಿ, ಮೇಡಂ. ತಂಪಿನಲ್ಲಿ ಇಡಿ, ದಿನಾ ಎಕ್ಸರ್‌ಸೈಜ್ ಮಾಡಿಸಿ. ಜೂನಿಗೆ ಶಾಲೆಗೆ ಹೋಗ್ತಾಳೆ" ಎಂದರು.

ಹರಪನಹಳ್ಳಿಯಲ್ಲಿ ಒಬ್ಬಳನ್ನು ತಂಪಿನಲ್ಲಿ ಇಡುವುದೆಂದರೆ ಸುಲಭವಲ್ಲ. ಸಂಕ್ರಾಂತಿ ಕಳೆದ ತಿಂಗಳಿಗೇ ಗೋಡೆಗಳು ಕಾಯುತ್ತವೆ. ನಮ್ಮ ಮನೆಯ ಬಗಲಿಗೇ ಮೆಕ್ಕೆಜೋಳದ ಗೋಡೌನು. ಲಾರಿ ತುಂಬುವಾಗ ಎದ್ದ ಹೊಟ್ಟು ಕಿಟಕಿ ತೆರೆದರೆ ಹಾಸಿಗೆಯ ಮೇಲೆ ಬಂದು ಕೂಡುತ್ತದೆ. ಆದ್ದರಿಂದ ಕಿಟಕಿ ಮುಚ್ಚಿ, ಶೈಲಾಳ ಕೋಣೆಗೆ ಎಸಿ ಹಾಕಿಸಿದೆವು. ಒಳಗಿನ ಪೆಟ್ಟಿಗೆ ಅವಳ ಮಂಚದ ಎದುರಿಗೆ, ಹೊರಗಿನ ಪೆಟ್ಟಿಗೆ ಮಾಳಿಗೆಯ ಮೇಲೆ. ಜೊತೆಗೆ ಬಂದ ಪುಸ್ತಕವನ್ನು ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಕಾನ್ವೆಂಟಿನ ಸಿಸ್ಟರ್‌ಗಳು ಹಾಕಿಕೊಟ್ಟ ಹ್ಯಾಬಿಟ್ ಅದು. ಅಚ್ಚಾದದ್ದನ್ನು ಓದಬೇಕು, ಓದಿದ್ದನ್ನು ನಂಬಬೇಕು. ರಿಮೋಟಿನಲ್ಲಿ ಇಪ್ಪತ್ನಾಲ್ಕು ಒತ್ತಿದೆ. ಪೆಟ್ಟಿಗೆಯ ಎದೆಯ ಮೇಲೆ ಹಸಿರು ಅಕ್ಷರದಲ್ಲಿ ಇಪ್ಪತ್ನಾಲ್ಕು ಮೂಡಿತು. ಹೌ ಒಬೀಡಿಯಂಟ್ ಅನ್ನಿಸಿತು ನನಗೆ.

ಮೊದಲ ಎರಡು ವಾರ ನಮ್ಮ ಮನೆಯಲ್ಲಿ ಹಬ್ಬ. ನಾಲ್ಕನೆಯ ದಿನ ಶೈಲಾ ಗೋಡೆ ಹಿಡಿಯದೆ ಅಡುಗೆಮನೆಗೆ ಬಂದು, ತಾನೇ ಚಹಾ ಮಾಡಿ, ಅವಳವ್ವನ ಕೈಗೆ ಲೋಟ ಕೊಟ್ಟಳು. ಅತ್ತಿಗೆ ಲೋಟವನ್ನು ಕಣ್ಣಿಗೊತ್ತಿಕೊಂಡು, "ಸಕ್ಕರಿ ಭಾಳಾತು" ಎಂದರು.

ಯುಗಾದಿ ಕಳೆದ ಮೇಲೆ ಅವಳ ಆ ಚೇತರಿಕೆ ಇಳಿಯತೊಡಗಿತು.

"ಅತ್ತಿ, ಯಾಕೋ ತಂಪಿಲ್ಲ" ಎಂದಳು ಶೈಲಾ ಒಂದು ಮಧ್ಯಾಹ್ನ. ನಾನು ಪೆಟ್ಟಿಗೆ ನೋಡಿದೆ. ಇಪ್ಪತ್ನಾಲ್ಕು. ಗಾಳಿ ಬರುತ್ತಿತ್ತು. ಹೊರಗಿನ ಬೆಂಕಿಯಿಂದ ಒಳಗೆ ಬಂದ ನನಗೆ ಅದು ತಂಪಾಗಿಯೇ ಇತ್ತು. ಆದರೂ ಕಂಪನಿಗೆ ಫೋನ್ ಮಾಡಿದೆ. ಅವರು ದಾವಣಗೆರೆಯಿಂದ ಬರಬೇಕು, ಬರುವ ದಿನ, ಗಂಟೆ ಎಲ್ಲ ಮೊದಲೇ ತಿಳಿಸುತ್ತಾರೆ. ಬಂದವನು ಒಳಗಿನದನ್ನು ನೀರು ಹೊಡೆದು ತೊಳೆದ, ಮೇಲೆ ಹೋಗಿ ಹೊರಗಿನದನ್ನು ತೊಳೆದ, ಆರು ನೂರು ತೆಗೆದುಕೊಂಡ. ಅವನು ಇದ್ದಷ್ಟು ಹೊತ್ತು ಕೋಣೆ ಹಿಮಾಲಯ. ಮರುದಿನ ಮಧ್ಯಾಹ್ನ ಶೈಲಾ ಮತ್ತೆ ಹಣೆ ಒರೆಸಿಕೊಳ್ಳುತ್ತಿದ್ದಳು.

ಎರಡನೆಯ ಸಲ ಬಂದವನು ಗ್ಯಾಸ್ ಕಡಿಮೆ ಎಂದ, ತುಂಬಿದ, ಎರಡೂವರೆ ಸಾವಿರ. ಮತ್ತೆ ಅದೇ ಕತೆ. ಮೂರನೆಯವನು ವರ್ಷದ ಕಾಂಟ್ರ್ಯಾಕ್ಟ್ ಮಾಡಿಸಿಬಿಡಿ, ಎಷ್ಟು ಸಲ ಕರೆದರೂ ಬರುತ್ತೇವೆ ಎಂದ. ಮಾಡಿಸಿದೆ. ನನ್ನ ಮೊಣಕಾಲಿಗೆ ಮಾಳಿಗೆಯ ಮೆಟ್ಟಿಲು ಆಗುವುದಿಲ್ಲ, ಅವರ ಜೊತೆ ಮೇಲೆ ಹೋಗುತ್ತಿದ್ದವರು ಅತ್ತಿಗೆ. ಮೂರನೆಯವನು ಇಳಿದು ಬಂದು ಕೈ ಒರೆಸಿಕೊಳ್ಳುತ್ತ ಹೇಳಿದ್ದು ನನಗೆ ಈಗಲೂ ನೆನಪಿದೆ.

"ಮ್ಯಾಲೆ ಹಗ್ಗ ಕಟ್ಟೀರಲ್ರಿ, ಬ್ಯಾಗ್ ತೂಗುಹಾಕಾಕ ಚಲೋ ಆತು."

ಬಟ್ಟೆ ಒಣಹಾಕುವ ಹಗ್ಗ ಎಂದುಕೊಂಡೆ.

"ಮಿಷನ್ ಹೆಂಗೈತಪ್ಪ?" ಎಂದೆ.

"ಪರ್ಫೆಕ್ಟ್ ಅದ ಮೇಡಂ. ಪ್ರೆಷರ್, ಕರೆಂಟ್, ಎಲ್ಲಾ ನೋಡೀನಿ. ಇನ್ನ ಪೇಷೆಂಟಿಗೇ ಹಂಗ ಅನಸ್ತಿರಬೇಕು."

ಬಾಗಿಲು ತೆರೆದಿತ್ತು. ಶೈಲಾ ಕೇಳಿಸಿಕೊಂಡಿದ್ದಳು. ಅವನು ಹೋದ ಮೇಲೆ ನಾನು ಅವಳ ಮಂಚದ ಪಕ್ಕ ಕುಳಿತೆ. ಏಪ್ರಿಲ್ ಮುಗಿಯುತ್ತ ಬಂದಿತ್ತು. ಅವಳು ಆಗ ಬಚ್ಚಲಿಗೆ ಹೋಗಬೇಕಾದರೂ ನಮ್ಮಿಬ್ಬರ ಹೆಗಲು ಬೇಕಾಗುತ್ತಿತ್ತು. ಪೆಟ್ಟಿಗೆಯ ಎದೆಯ ಮೇಲೆ ಇಪ್ಪತ್ನಾಲ್ಕು ಇತ್ತು.

"ನೀನರ ಹೇಳು ಅತ್ತಿ. ನಿನಗ ತಂಪನಿಸ್ತೈತೇನು?"

ಹೌದು ಎಂದೆ. ಆಮೇಲೆ, ಇಷ್ಟು ವರ್ಷ ಮಕ್ಕಳಿಗೆ ಮಾರ್ಕ್ಸ್ ಓದಿ ಹೇಳುತ್ತಿದ್ದೆನಲ್ಲ, ಆ ದನಿಯಲ್ಲಿ, ಸತ್ಯವನ್ನು ಮರೆಮಾಚಬಾರದು ಎಂಬ ನನ್ನ ಕಾನ್ವೆಂಟ್ ಹಟದಲ್ಲಿ ಹೇಳಿದೆ: "ಮಿಷನ್ ಸರಿ ಐತಿ ಶೈಲಾ. ಇದು ಮಿಷನ್ದಲ್ಲ."

ಅವಳು ಆ ಹಸಿರು ಅಂಕಿಯನ್ನೇ ನೋಡುತ್ತ ಮಲಗಿದ್ದಳು. ಗಣಿತದವಳು. ಅಂಕಿಯ ಜೊತೆ ವಾದ ಮಾಡುವವಳಲ್ಲ.

ವಾರದೊಳಗೆ ಅವಳು ಸ್ವಯಂ ನಿವೃತ್ತಿಯ ಅರ್ಜಿ ಬರೆದಳು. ಜೂನಿಗೆ ಬರಲಾಗುವುದಿಲ್ಲ, ಇನ್ನು ಮೇಲೂ ಆಗುವುದಿಲ್ಲ, ಮಕ್ಕಳಿಗೆ ಅನ್ಯಾಯವಾಗಬಾರದು ಎಂದು ಇಂಗ್ಲಿಷಿನಲ್ಲಿ ಒಂದು ಪುಟ. ನನಗೆ ತೋರಿಸಿದಳು. ನಾನು ಕನ್ನಡಕ ಹಾಕಿಕೊಂಡು ಎರಡು ವಾಕ್ಯ ತಿದ್ದಿದೆ. ಗಾಡ್ ಫರ್ಗಿವ್ ಮಿ, ಅದೊಂದನ್ನೇ ಮಾಡಿದೆ. ಚೆನ್ನಾಗಿ ಪ್ರತಿ ಮಾಡಿಸಿ, ಶಾಲೆಯ ಹೆಡ್‌ಮಾಸ್ಟರಿಗೆ ಕಳಿಸಿಕೊಟ್ಟೆವು.

ಅತ್ತಿಗೆಗೆ ಆ ದಿನಗಳಲ್ಲಿ ಒಂದೇ ಕೆಲಸ, ಸಂಡಿಗೆ. ಶೈಲಾಳಿಗೆ ಚಿಕ್ಕವಳಿದ್ದಾಗಿನಿಂದ ಅಕ್ಕಿ ಸಂಡಿಗೆ ಎಂದರೆ ಪ್ರಾಣ. ಡಾಕ್ಟರ ಮಾತು ಅತ್ತಿಗೆಗೆ ಅರ್ಥವಾಗುತ್ತಿರಲಿಲ್ಲ, ಗುಳಿಗೆಯ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಆದ್ದರಿಂದ ಅಕ್ಕಿ ನೆನೆಹಾಕುವುದು, ರುಬ್ಬುವುದು, ಹಿಟ್ಟು ಕುದಿಸುವುದು, ತಲೆಯ ಮೇಲೆ ಸೆರಗು ಹೊದ್ದು ಮಾಳಿಗೆ ಹತ್ತುವುದು. ಒಂದು ಡಬ್ಬಿ ತುಂಬಿತು, ಎರಡನೆಯದಕ್ಕೆ ಕೈ ಹಾಕಿದ್ದರು. "ಯಾರಿಗವ್ವ ಇಷ್ಟು?" ಎಂದು ಶೈಲಾ ಕೇಳಿದರೆ, "ಸಾಲಿ ಸುರುವಾದ ಮ್ಯಾಲೆ ನಿಮ್ಮ ಟೀಚರಗೋಳಿಗೆ ಒಯ್ಯಬೇಕಲ್ಲ" ಎನ್ನುತ್ತಿದ್ದರು. ಅರ್ಜಿ ಹೋದ ಮೇಲೂ ಹಾಗೇ ಹೇಳುತ್ತಿದ್ದರು.

ರುಬ್ಬಿ ರುಬ್ಬಿ ಗ್ರೈಂಡರಿನ ಮೋಟರು ಸುಟ್ಟುಹೋಯಿತು. ಅದನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಬುಡೇನ್ ಸಾಬರ ಅಂಗಡಿಗೆ ಕೊಟ್ಟಿದ್ದೆವು. ಬೋರ್‌ವೆಲ್ ಮೋಟರಿಗೆ ತಂತಿ ಸುತ್ತುತ್ತ ಸುತ್ತುತ್ತ ಕೂಲರು, ಫ್ರಿಜ್ಜು, ಎಸಿ ಎಲ್ಲವನ್ನೂ ಕಲಿತವರು ಅವರು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರಿರಬೇಕು. ಅವರ ತಮ್ಮ ನನ್ನ ಹತ್ತಿರ ಎರಡು ಸಲ ಇಂಗ್ಲಿಷಿನಲ್ಲಿ ಫೇಲಾಗಿದ್ದ, ಅದನ್ನು ಅವರು ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಾರೆ. ಕಂಪನಿಯ ಮಷಿನ್ನಿಗೆ ಲೋಕಲ್ ಮೆಕ್ಯಾನಿಕ್ ಕೈ ಹಾಕಬಾರದು ಎಂದು ಆ ಪುಸ್ತಕದಲ್ಲಿ ಬರೆದಿತ್ತಲ್ಲ, ಅದಕ್ಕೇ ಅವರನ್ನು ನಾನು ಎಸಿಗೆ ಕರೆದಿರಲಿಲ್ಲ.

ಮೇ ತಿಂಗಳ ಒಂದು ಸೋಮವಾರ. ಅತ್ತಿಗೆ ಬೆಳಿಗ್ಗೆಯೇ ಬಾಗಳಿಯ ಕಲ್ಲೇಶ್ವರನಿಗೆ ಹೋಗಿದ್ದರು. ಬುಡೇನ್ ಸಾಬರು ಹೇಳದೆ ಕೇಳದೆ ಗ್ರೈಂಡರ್ ಹೊತ್ತುಕೊಂಡು ಬಂದರು. ಮಾಳಿಗೆಯ ಟ್ಯಾಂಕ್ ತುಂಬಿ ನೀರು ಗೋಡೆಗುಂಟ ಇಳಿಯುತ್ತಿತ್ತು. "ವಾಲ್ವ್ ಹೋಗಿರಬೇಕು, ನೋಡ್ತೀನಿ ತಡೀರಿ" ಎಂದು ಮೇಲೆ ಹತ್ತಿದರು. ಇಳಿದು ಬಂದಾಗ ಅವರ ಮುಖ ನಗಬೇಕೋ ಬೇಡವೋ ಎನ್ನುವಂತಿತ್ತು.

"ಮ್ಯಾಲೆ ಯಾರ್ರಿ ಟೀಚರ್, ಡೇರೆ ಹಾಕ್ಯಾರ?"

"ಎಂಥಾ ಡೇರೆ?"

"ಎಸಿ ಪೆಟ್ಟಿಗಿ ಸುತ್ತ ಹಳೇ ಸೀರಿ ಬಿಗಿದು ಕಟ್ಯಾರ, ಮ್ಯಾಲೂ ಮುಚ್ಯಾರ. ಒಳಗ ಎರಡು ಹೊರಸಿನ ಮಂಚದ ತುಂಬ ಸಂಡಿಗಿ. ನಿಮ್ಮ ಮಿಷನ್ ನಡುಬ್ಯಾಸಿಗ್ಯಾಗ ಕಂಬಳಿ ಹೊದ್ದು ಕುಂತೈತ್ರಿ."

ನಾನು ಕುಳಿತೆ. ಅವರು ಹೇಳುತ್ತ ಹೋದಂತೆ ಎಲ್ಲ ತೆರೆದುಕೊಂಡಿತು. ಮಾಳಿಗೆಯಲ್ಲಿ ಸಂಡಿಗೆ ಹರಡಿದರೆ ಗೋಡೌನಿನ ಹೊಟ್ಟು ಬೀಳುತ್ತದೆ, ಮಂಗಗಳು ಬರುತ್ತವೆ. ದಿನವಿಡೀ ಕೋಲು ಹಿಡಿದು ಬಿಸಿಲಲ್ಲಿ ಕಾಯಲು ಅತ್ತಿಗೆಗೆ ಆಗುವುದಿಲ್ಲ. ಮಗಳನ್ನು ಎತ್ತಲು ಕೆಳಗಿರಬೇಕು. ಎಸಿಯ ಪೆಟ್ಟಿಗೆ ಹಗಲೂ ರಾತ್ರಿ ಬಿಸಿಗಾಳಿ ಊದುತ್ತದಲ್ಲ, ಅದರ ಸುತ್ತ ಸೀರೆ ಕಟ್ಟಿದರೆ ಧೂಳಿಲ್ಲ, ಮಂಗನಿಲ್ಲ, ಸಂಡಿಗೆ ಬೆಳ್ಳಗೆ ಒಣಗುತ್ತದೆ. ಜಾಣ ಹೆಂಗಸು. ಆದರೆ ಊದಿದ ಬಿಸಿಯನ್ನೇ ಅದು ಮತ್ತೆ ಮತ್ತೆ ಎಳೆದುಕೊಂಡು, ತಡೆಯಲಾಗದೆ ಗಂಟೆಗೊಮ್ಮೆ ತಾನೇ ನಿಂತುಹೋಗುತ್ತಿತ್ತು. ಒಳಗಿನ ಫ್ಯಾನು ಮಾತ್ರ ಏನೂ ಆಗಿಲ್ಲವೆಂಬಂತೆ ತಿರುಗುತ್ತಿತ್ತು.

"ಹಂಗಾರ ಕಂಪನಿಯವರು ಮೂರು ಸಲ ಹತ್ತಿ ನೋಡಿದರಲ್ಲ?" ಎಂದೆ. ಕೇಳುವಾಗಲೇ ಉತ್ತರ ಗೊತ್ತಾಯಿತು. ಹಸಿ ಸಂಡಿಗೆಯ ಮೇಲೆ ಹೊರಗಿನವರ ಕಣ್ಣು ಬಿದ್ದರೆ ಅದು ಕರಿದಾಗ ಕೆಂಪಾಗುತ್ತದೆ ಎಂಬುದು ಅತ್ತಿಗೆಯ ತೌರಿನವರ ನಂಬಿಕೆ. ಕಂಪನಿಯವರು ಬರುವ ಗಂಟೆಯನ್ನು ಅತ್ತಿಗೆಗೆ ನಾನೇ ಹೇಳುತ್ತಿದ್ದೆ. ಗಂಟೆ ಮೊದಲೇ ಅತ್ತಿಗೆ ಹೊರಸು ಎತ್ತಿ, ಸೀರೆ ಮಡಿಸಿ, ಮಾಳಿಗೆ ಗುಡಿಸಿ ಇಡುತ್ತಿದ್ದರು. ಹಗ್ಗ ಮಾತ್ರ ಬಿಟ್ಟಿದ್ದರು. ಅದಕ್ಕೆ ಆ ಮೂರನೆಯವನು ಬ್ಯಾಗ್ ತೂಗುಹಾಕಿದ್ದ.

ಬುಡೇನ್ ಸಾಬರು ಚೀಲದಿಂದ ತಂತಿಯಿದ್ದ ಒಂದು ಸಣ್ಣ ಥರ್ಮಾಮೀಟರ್ ತೆಗೆದು ಶೈಲಾಳ ಮಂಚದ ತಲೆಗೆ ಸಿಕ್ಕಿಸಿದರು. ಸ್ವಲ್ಪ ಹೊತ್ತು ಬಿಟ್ಟು ನನ್ನ ಮುಂದೆ ಹಿಡಿದರು. ಮೂವತ್ಮೂರು.

"ಅಲ್ಲಿ ಇಪ್ಪತ್ನಾಲ್ಕು ಐತಲ್ಲ" ಎಂದೆ ಪೆಟ್ಟಿಗೆ ತೋರಿಸಿ. ನನ್ನ ದನಿ ನನಗೇ ಮಕ್ಕಳ ದನಿಯಂತೆ ಕೇಳಿತು.

"ಅದು ನೀವು ಕೇಳಿದ್ದು ಟೀಚರ್" ಎಂದರು ಮೆತ್ತಗೆ. "ಅದು ಕೊಟ್ಟಿದ್ದಲ್ಲ."

ಶೈಲಾ ಮಲಗಿದಲ್ಲಿಂದಲೇ ಎಲ್ಲ ಕೇಳಿದ್ದಳು. ಆಮೇಲೆ ಹೇಳಿದ್ದು ಒಂದೇ. "ಅವ್ವಗ ಹೇಳಬ್ಯಾಡ್ರಿ."

ಬುಡೇನ್ ಸಾಬರು ಮತ್ತೆ ಮೇಲೆ ಹೋಗಿ ಸೀರೆ ಬಿಚ್ಚಿ, ಸಂಡಿಗೆ ಮುಟ್ಟದೆ ಹೊರಸುಗಳನ್ನು ಅತ್ತ ಸರಿಸಿ, ಪೆಟ್ಟಿಗೆಯ ಬೆನ್ನಿಗೆ ಹತ್ತಿದ್ದ ಹೊಟ್ಟನ್ನು ತೊಳೆದರು. ಮಧ್ಯಾಹ್ನದ ನಮಾಜಿಗೂ ಹೋಗದೆ ಅತ್ತಿಗೆ ಬರುವ ತನಕ ಕಾದರು. ಭಸ್ಮ ಹಚ್ಚಿಕೊಂಡು, ತೆಂಗಿನ ಹೋಳು ಹಿಡಿದು ಒಳಗೆ ಬಂದ ಅತ್ತಿಗೆಗೆ ಹೇಳಿದರು: "ಅಮ್ಮಾರ, ಆ ಪೆಟ್ಟಿಗಿ ಗಾಳಿಗೆ ಮಿಷನ್ ವಾಸನಿ ಇರ್ತೈತ್ರಿ. ತಿನ್ನೋ ಪದಾರ್ಥ ಅದರ ಮುಂದ ಒಣಗಸಬಾರದು."

ಅತ್ತಿಗೆ ಹೊರಸುಗಳನ್ನು ಅವರು ನೋಡಿದರಲ್ಲ ಎಂದು ಮೊದಲು ಸಿಟ್ಟಾದರು. "ಇನ್ನ ಕೆಂಪಾಗತಾವ ಬಿಡು ಎಲ್ಲ" ಎಂದರು.

ಸುಳ್ಳು ಹೇಳುವಾಗ ನಮಗೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ತೋಚಲಿಲ್ಲ. ಕೋಣೆ ನಿಜವಾಗಿ ತಂಪಾಯಿತು. ಮೂರನೆಯ ದಿನಕ್ಕೆ ಶೈಲಾ ಒಬ್ಬಳೇ ಬಚ್ಚಲಿಗೆ ಹೋದಳು. ಅದನ್ನು ನೋಡಿದ ಅತ್ತಿಗೆ ಖುಷಿಪಡುವ ಬದಲು ಒಲೆಯ ಮುಂದೆ ಕೂತು ಅತ್ತರು. "ಚೈತ್ರ ಮಾಸದಿಂದ ದಿನಾ ಊಟಕ್ಕ ಆ ಸಂಡಿಗಿ ಇಕ್ಕೀನಿ ಇಂದ್ರವ್ವ. ಮಿಷನ್ ವಾಸನಿ ತಿಂದು ಆಕಿ ಕಾಲು ಹೋಗಿದ್ವೇನೋ. ನಾನೇ ಇಕ್ಕೀನಿ." ಹಾಗಲ್ಲ ಅತ್ತಿಗಿ ಎಂದೆ, ಹೇಗೆ ಎಂದು ಹೇಳಲಾಗಲಿಲ್ಲ. ಮರುದಿನ ನಸುಕಿನಲ್ಲಿ ಎರಡೂ ಡಬ್ಬಿಗಳನ್ನು ಗೇಟಿನ ಹತ್ತಿರ ಇಟ್ಟುಬಂದರು, ಹಾಲಿನವಳ ಎಮ್ಮೆಗೆ.

ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದಾಗ ಬಾಗಿಲ ಸದ್ದಾಯಿತು. ತಿಂಗಳಿಂದ ಹೊಸಿಲು ದಾಟದ ಶೈಲಾ ಅಂಗಳಕ್ಕೆ ಇಳಿದಿದ್ದಳು. ಒಂದು ಕೈ ಗೋಡೆಯ ಮೇಲೆ, ಒಂದು ಕೈ ಗಾಳಿಯಲ್ಲಿ. ನಾನು ಏಳಹೋದೆ, ಅತ್ತಿಗೆ ನನ್ನ ತೋಳು ಹಿಡಿದರು. ಗೇಟಿನವರೆಗೆ ಇಪ್ಪತ್ತು ಹೆಜ್ಜೆ. ಅವಳು ಒಂದು ಡಬ್ಬಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ಅಲ್ಲೇ ನಿಂತು ಉಸಿರು ತೆಗೆದುಕೊಂಡು, ವಾಪಸ್ ಬಂದು ಅದನ್ನು ಅವ್ವನ ಮುಂದೆ ಇಟ್ಟಳು.

"ಕರಿಯವ್ವ. ಹಸಿವಾಗೈತಿ."

"ವಾಸನಿ ಐತಂತಲ್ಲವ್ವ ಅದಕ್ಕ."

ಶೈಲಾ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. "ನನಗ ಬರೇ ಸಂಡಿಗಿ ವಾಸನಿ ಬರಾಕತ್ತೈತಿ."

ಆ ನಸುಕಿನಲ್ಲಿ ನಾವು ಮೂವರೂ ಚಹಾದ ಜೊತೆ ಸಂಡಿಗೆ ತಿಂದೆವು. ಒಂದೂ ಕೆಂಪಾಗಿರಲಿಲ್ಲ. ಅತ್ತಿಗೆಗೆ ನಿಜ ಗೊತ್ತಾಯಿತೋ ಇಲ್ಲವೋ, ಅವರು ಕೇಳಲಿಲ್ಲ. ಆ ಹಳೆಯ ಸೀರೆಗಳನ್ನು ಮಾತ್ರ ಹರಿದು ನೆಲ ಒರೆಸಲು ಹಾಕಿದರು.

ಹೆಡ್‌ಮಾಸ್ಟರಿಗೆ ಶೈಲಾ ತಾನೇ ಫೋನ್ ಮಾಡಿದಳು. "ಗುಮಾಸ್ತ ರಜಾದಾಗ ಅದಾನ, ನಿಮ್ಮ ಅರ್ಜಿ ನನ್ನ ಡ್ರಾದಾಗೇ ಐತಿ. ಹರದು ಹಾಕ್ಲೇನ್ರಿ ಮೇಡಂ?" ಎಂದರಂತೆ. ಜೂನಿನಲ್ಲಿ ಅವಳು ಆಟೋದಲ್ಲಿ ಶಾಲೆಗೆ ಹೋದಳು, ಟೀಚರುಗಳಿಗೆ ಒಂದು ಡಬ್ಬಿ ಸಂಡಿಗೆ ಒಯ್ದಳು. ಕುರ್ಚಿಯಲ್ಲಿ ಕೂತು ಹತ್ತನೆಯ ತರಗತಿಗೆ ಪಾಠ ಮಾಡಿದಳು. ಆ ಬ್ಯಾಚು ಪರೀಕ್ಷೆ ಬರೆಯುವ ತನಕ ಮಾಡಿದಳು.

ಅಷ್ಟೇ. ಒಂದು ವರ್ಷ. ಮರುವರ್ಷದ ಬ್ಯಾಚಿನ ನಡುವೆಯೇ, ಚಳಿಗಾಲದಲ್ಲಿ, ಕಾಲುಗಳು ಮತ್ತೆ ಹೋದವು. ಆಗ ಡೇರೆ ಇರಲಿಲ್ಲ, ಧಗೆ ಇರಲಿಲ್ಲ. ಅರ್ಜಿಯನ್ನು ಎರಡನೆಯ ಸಲ ಬರೆದಾಗ ಅವಳು ನನಗೆ ತೋರಿಸಲಿಲ್ಲ. ಈಗ ಆ ಕೋಣೆಯೇ ಅವಳ ಊರು. ಮಂಚದ ತಲೆಗೆ ಬುಡೇನ್ ಸಾಬರ ಥರ್ಮಾಮೀಟರು ತೂಗುತ್ತದೆ, ಅದನ್ನು ಅವರು ವಾಪಸ್ ಒಯ್ಯಲೇ ಇಲ್ಲ. ನಾನು ಪೆಟ್ಟಿಗೆಯ ಹಸಿರು ಅಂಕಿ ನೋಡುವುದನ್ನು ಬಿಟ್ಟಿದ್ದೇನೆ, ಥರ್ಮಾಮೀಟರನ್ನೇ ನೋಡುತ್ತೇನೆ.

ಅವಳ ಕೈಬೆರಳು ಬಿಗಿಯಾದಾಗ, ಚಮಚ ಜಾರಿದಾಗ, ನಾನು ಬುಡೇನ್ ಸಾಬರಿಗೆ ಫೋನ್ ಮಾಡುತ್ತೇನೆ. ಮೊನ್ನೆ ಚಮಚ ಜಾರಿತು.

ಇವತ್ತು ಅವರು ಫಿಲ್ಟರ್ ಒರೆಸಿ ಸಿಕ್ಕಿಸಿ, ಮೇಲೆ ಹೋಗಿ ನೋಡಿ ಬಂದು, ಸಾಮಾನು ಚೀಲಕ್ಕೆ ತುಂಬಿದರು. ಥರ್ಮಾಮೀಟರಿನಲ್ಲಿ ಇಪ್ಪತ್ನಾಲ್ಕು ಇತ್ತು. ನಿಜವಾದ ಇಪ್ಪತ್ನಾಲ್ಕು. ಕಾಫಿ ಕೊಡಲು ಹೋದ ನನ್ನನ್ನು ಶೈಲಾ ಕೇಳಿದಳು.

"ಅತ್ತಿ, ಮಿಷನ್ ಸರಿ ಐತೇನು?"

ಬುಡೇನ್ ಸಾಬರು ನನ್ನ ಮುಖ ನೋಡಿದರು. ಅಂದು ಸುಳ್ಳಾಗಿದ್ದ ಮಾತು ಈಗ ಸತ್ಯ. ಅದನ್ನು ಹೇಳಲು ನನಗೆ ಬಾಯಿಲ್ಲ.

"ಎಲ್ಲೈತವ್ವ" ಎಂದೆ. "ಮತ್ತ ಧೂಳು ಕುಂತೈತಂತ. ಅದಕ್ಕ ನಿನಗ ಹಂಗಾಗೈತಿ."

ಬುಡೇನ್ ಸಾಬರು ಚೀಲದ ಜಿಪ್ ತೆರೆದರು. ಸ್ಟೂಲು ಹತ್ತಿ, ಈಗಷ್ಟೇ ಸಿಕ್ಕಿಸಿದ್ದ ಫಿಲ್ಟರ್ ಬಿಚ್ಚಿಕೊಂಡು, ಬ್ರಷ್ ಹಿಡಿದು ಮತ್ತೆ ಹಿತ್ತಲಿಗೆ ನಡೆದರು. ನಲ್ಲಿಯ ಸದ್ದು ಬಂತು.

"ಹೌದು ಬಿಡು, ನನಗೂ ಧಗಿ ಅನಿಸ್ತಿತ್ತು" ಎಂದಳು ಶೈಲಾ, ಬಗ್ಗದ ಬೆರಳುಗಳಿಂದ ಶಾಲನ್ನು ಕುತ್ತಿಗೆಯ ತನಕ ಎಳೆದುಕೊಳ್ಳುತ್ತ.